ಸೂರಗುಡ್ಡದ ಸಾಕ್ಷಿ

ಶಿರಹಟ್ಟಿಯಿಂದ ಮುಂಡರಗಿ ಕಡೆಗೆ ಹೋಗುವಾಗ, ಕಂಡಕ್ಟರನನ್ನು ಕಾಡಿ ಬೇಡಿ ನಡುದಾರಿಯಲ್ಲಿ ಇಳಿದು ಒಂದೂವರೆ ಮೈಲು ನಡೆದರೆ ಕಲ್ಲಗಟ್ಟಿ. ಊರಿನ ಬೆನ್ನಿಗೇ ಸೂರಗುಡ್ಡ. ಅಂಥ ಎತ್ತರವೇನಲ್ಲ. ರಸ್ತೆಯಿಂದ ನೋಡಿದವರಿಗೆ ಕುರುಚಲು ಕಂಟಿ ಬೆಳೆದ ಒಣ ಗುಡ್ಡ, ಅಷ್ಟೇ. ಆದರೆ ಪಿಂಜಾರ ಖಾಸಿಂಸಾಬನ ಹೆಂಡತಿ ಅಲ್ಮಾಸಬಿಯನ್ನು ಕೇಳಿದರೆ ಬೇರೆಯದೇ ಗುಡ್ಡ ಹೊರಬೀಳುತ್ತಿತ್ತು. ತೋಳ ಮರಿ ಹಾಕುವುದು ಯಾವ ಬಂಡೆಯ ಬುಡದಲ್ಲಿ, ಕವಳಿಹಣ್ಣು ಮೊದಲು ಕಪ್ಪಾಗುವುದು ಯಾವ ಮಗ್ಗುಲಲ್ಲಿ, ಯುಗಾದಿ ಕಳೆದರೂ ನೀರು ಆರದ ಕಲ್ಲದೊಣೆ ಎಲ್ಲಿದೆ, ಆ ದೊಣೆಗೆ ಕೊಂಡಕುರಿ ಎಷ್ಟೊತ್ತಿಗೆ ಇಳಿಯುತ್ತದೆ, ಎಲ್ಲ ಅವಳಿಗೆ ಕಂಠಪಾಠ. ಹನ್ನೊಂದು ವರ್ಷದವಳಿದ್ದಾಗ ತಾಯಿಯ ಹಿಂದೆ ಹತ್ತಿದ ಗುಡ್ಡ. ಈಗ ಅವಳಿಗೆ ಐವತ್ತು ದಾಟಿತ್ತು.

ಖಾಸಿಂಸಾಬ ಊರೂರು ತಿರುಗಿ ಅರಳೆ ಹಿಂಜಿ ಗಾದಿ ತುಂಬುವವನು. ಅಲ್ಮಾಸಬಿ, ಅವಳ ಓರಗೆಯ ಸಿದ್ದಲಿಂಗವ್ವ, ಇನ್ನೂ ಏಳೆಂಟು ಹೆಂಗಸರು ಗುಡ್ಡದವರು. ಮಳೆ ಬಿದ್ದ ಮೇಲೆ ಕವಳಿ, ದಸರೆಯ ಆಚೀಚೆ ಸೀತಾಫಲ, ಚಳಿಗಾಲಕ್ಕೆ ಕಸಬರಿಗೆ ಹುಲ್ಲು. ಹೆಡಿಗೆ ತುಂಬಿಸಿ ಲಕ್ಷ್ಮೇಶ್ವರದ ಸಂತೆಗೆ ಒಯ್ಯುತ್ತಿದ್ದರು. ಹಣ್ಣು ಹರಿಯುವಾಗ ಗಿಡದ ತುದಿಯದನ್ನು ಬಿಡಬೇಕು, ಅದು ಹಕ್ಕಿಯ ಪಾಲು ಎಂಬುದು ಅವರೊಳಗಿನ ಕಟ್ಟಳೆ. ಯಾರು ಮಾಡಿದ್ದೋ ಯಾರಿಗೂ ಗೊತ್ತಿರಲಿಲ್ಲ. ಮುರಿದವರೂ ಇರಲಿಲ್ಲ.

ಗದಗ ಬೇರೆ ಜಿಲ್ಲೆಯಾಗಿ ಹದಿನೈದು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ, ಗುಡ್ಡದ ತೆಂಕಣ ಬುಡದ ಗಾಯರಾಣಕ್ಕೆ, ಅಂದರೆ ಊರ ದನ ಮೇಯುವ ಬಯಲಿಗೆ, ಎರಡು ಜೆಸಿಬಿ ಬಂದು ನಿಂತವು. ಕಲ್ಲಿನ ಖಣಿ ತೆಗೆಯುತ್ತೇವೆ, ಕಾಗದಪತ್ರ ಎಲ್ಲ ಸರಿ ಇದೆ ಎಂದರು ಮಾಲೀಕನ ಕಡೆಯವರು. ಹದಿನೈದು ದಿನದಲ್ಲಿ ಮೊದಲ ಸಿಡಿತ ಕೇಳಿಸಿತು. ಸಿದ್ದಲಿಂಗವ್ವನ ಮನೆಯ ಜಂತಿಯಿಂದ ಮಣ್ಣು ಉದುರಿ ರೊಟ್ಟಿಯ ಹಿಟ್ಟಿಗೆ ಬಿತ್ತು. ಅವಳು ಹಿಟ್ಟಿನ ಪರಾತವನ್ನು ಹಾಗೇ ಎತ್ತಿಕೊಂಡು ಹೋಗಿ ಜೆಸಿಬಿಯ ಮುಂದೆ ಕೂತಳು. ಅವಳ ಪಕ್ಕಕ್ಕೆ ಅಲ್ಮಾಸಬಿ. ಸಂಜೆಯ ಹೊತ್ತಿಗೆ ಊರ ಹೆಂಗಸರೆಲ್ಲ. ಒಂದು ತಿಂಗಳು ಹತ್ತು ದಿನ ಕೂತರು. ಪೊಲೀಸರು ಎರಡು ಸಲ ಎಬ್ಬಿಸಿದರು, ಎರಡು ಸಲವೂ ತಿರುಗಿ ಬಂದು ಕೂತರು.

ಆಗ ಬಂದವಳು ಸುಶ್ಮಿತಾ. ಅರಣ್ಯದ ಕಡೆಯ ಸಣ್ಣ ವಯಸ್ಸಿನ ಅಧಿಕಾರಿ, ಮುಂಡರಗಿಯ ಹುಡುಗಿ. ಬಂದವಳೇ ಹೆಂಗಸರ ನಡುವೆ ನೆಲದ ಮೇಲೆ ಕೂತು ಹೇಳಿದಳು.

“ಹಿಂಗ ಕುಂತರ ಖಣಿ ನಿಂದ್ರೂದಿಲ್ರವ್ವಾ. ಅವ್ರ ಕೈಯಾಗ ಕಾಗದ ಐತಿ, ನಮ್ಮ ಕೈಯಾಗೂ ಕಾಗದ ಬೇಕು. ಈ ಗುಡ್ಡನ್ನ ವನ್ಯಧಾಮ ಅಂತ ಸರಕಾರ ಸಾರಿತಂದ್ರ, ಕಾಯ್ದೆ ಪ್ರಕಾರ ಯಾರೂ ಒಂದು ಕಲ್ಲು ಎತ್ತಾಂಗಿಲ್ಲ. ಅದಕ್ಕ ಗುಡ್ಡದಾಗ ಏನೇನೈತಿ ಅಂತ ಬರದು ತೋರಸಬೇಕು. ನನಗ ಓದು ಗೊತ್ತು, ಗುಡ್ಡ ಗೊತ್ತಿಲ್ಲ.”

ಎಲ್ಲರೂ ಅಲ್ಮಾಸಬಿಯ ಕಡೆ ನೋಡಿದರು.

“ನಾ ತೋರಿಸಿದ್ರ ಗುಡ್ಡ ಉಳಿತೈತೇನ್ರಿ, ಮೇಡಮ್ಮಾರ?” ಎಂದು ಕೇಳಿದಳು ಅಲ್ಮಾಸಬಿ.

“ಉಳಿತೈತಿ.”

ಮನೆಯಲ್ಲಿ ಖಾಸಿಂಸಾಬನಿಗೆ ಈ ಮಾತು ಹಿಡಿಸಲಿಲ್ಲ. ಅರಳೆ ಹಿಂಜುವ ಬಿಲ್ಲಿನ ನಾರಿಗೆ ಅಂಟಿದ ಎಳೆ ಬಿಡಿಸುತ್ತ, “ಗುಡ್ಡದ ಗುಟ್ಟು ಗುಡ್ಡದಾಗ ಇರಲಿ. ಕಾಗದದಾಗ ಹೋದ ಜಾಗಾ ಕಾಗದದವರದ ಆಗತೈತಿ, ತಿಳಕೊ” ಅಂದ.

“ಸುಮ್ನ ಕುಂತರ ಖಣಿಯವರದ ಆಗತೈತಿ. ಅದಕ್ಕೇನಂತೀರಿ?”

ಅವನು ಮತ್ತೆ ನಾರಿನ ಎಳೆ ಬಿಡಿಸತೊಡಗಿದ.

ಹತ್ತೊಂಬತ್ತು ದಿನ ಅವರಿಬ್ಬರೂ ಗುಡ್ಡ ಸುತ್ತಿದರು. ಸುಶ್ಮಿತಾಳ ಕೈಯಲ್ಲಿ ನಕಾಶೆ, ಅಲ್ಮಾಸಬಿಯ ಸೆರಗಿನಲ್ಲಿ ಇಬ್ಬರಿಗೆ ಸಾಕಾಗುವಷ್ಟು ರೊಟ್ಟಿ. ತೋಳದ ಗವಿ, ಕಿರುಬ ಮೂಳೆ ತಂದು ಕೂಡಿಡುವ ಸಂದಿ, ನವಲು ಕುಣಿಯುವ ಹಾಸುಬಂಡೆ, ಚಿಗರಿ ಮರಿ ಬಚ್ಚಿಡುವ ಹುಲ್ಲು, ಒಂದೊಂದನ್ನೂ ತೋರಿಸಿದಳು. ಹದಿನೈದನೇ ದಿನ ಕಲ್ಲದೊಣೆಯ ಮೇಲಿನ ಕಂಟಿಯಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದಾಗ, ಬಿಸಿಲು ಏರಿದ ಮೇಲೆ, ಕೊಂಡಕುರಿ ಬಂತು. ನಾಯಿಗಿಂತ ತುಸು ದೊಡ್ಡ ಜೀವ, ತಲೆಯ ಮೇಲೆ ನಾಲ್ಕು ಕೋಡು. ಒಂದೊಂದೇ ಹೆಜ್ಜೆ ಇಟ್ಟು, ಪ್ರತಿ ಹೆಜ್ಜೆಗೂ ನಿಂತು ಕಿವಿ ಆಡಿಸಿ, ನೀರಿಗೆ ಮುಖ ಹಾಕಿತು. ಸುಶ್ಮಿತಾಳ ಕಣ್ಣಲ್ಲಿ ನೀರು ಬಂದಿತ್ತು. ಫೋಟೊ ತೆಗೆಯುವುದನ್ನೇ ಮರೆತಿದ್ದಳು. ಆಮೇಲೆ ಮೂರು ದಿನ ಅಲ್ಲೇ ಕಾದು ತೆಗೆದರು.

ಕೊನೆಗೆ ಸುಶ್ಮಿತಾ ಅಲ್ಮಾಸಬಿಯ ಹೇಳಿಕೆ ಬರೆದಳು. ಓದಿ ಹೇಳಿದಳು. “ನಾನು ಅಲ್ಮಾಸಬಿ ಕೋಂ ಖಾಸಿಂಸಾಬ, ಚಿಕ್ಕಂದಿನಿಂದಲೂ ದಿನಾಲು ಸದರಿ ಗುಡ್ಡಕ್ಕೆ ಹೋಗಿ ಹಣ್ಣು ಹುಲ್ಲು ತರುತ್ತಿದ್ದು, ಮೇಲ್ಕಂಡ ಪ್ರಾಣಿಗಳನ್ನು ಕಣ್ಣಾರೆ ಕಂಡಿರುತ್ತೇನೆ.” ಅಲ್ಮಾಸಬಿ ಮೂರನೇ ಇಯತ್ತೆಯವರೆಗೆ ಕಲಿತಿದ್ದಳು. ಹೆಬ್ಬೆಟ್ಟು ಒತ್ತಲಿಲ್ಲ, ಅಕ್ಷರ ಕೂಡಿಸಿ ಹೆಸರು ಬರೆದಳು.

ಎರಡು ವರ್ಷ ಏನೂ ಆಗಲಿಲ್ಲ. ಖಣಿ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಮೂರನೇ ವರ್ಷದ ಶ್ರಾವಣದಲ್ಲಿ ಸುಶ್ಮಿತಾ ಗದಗಿನಿಂದ ಫೋನು ಮಾಡಿ ಕೂಗಿದಳು. “ಆತ್ರವ್ವಾ! ಗೆಜೆಟ್ಟಿನ್ಯಾಗ ಬಂತು! ನೀವು ಹೇಳಿದ್ದೆಲ್ಲಾ ಅಚ್ಚಾಗೇತಿ, ಕೊಂಡಕುರಿ, ತ್ವಾಳ, ಎಲ್ಲಾ!”

ಊರಲ್ಲಿ ಬೂಂದಿ ಹಂಚಿದರು. ಸಿದ್ದಲಿಂಗವ್ವ ಅಲ್ಮಾಸಬಿಯ ಗದ್ದ ಹಿಡಿದು, “ಸರಕಾರದ ಪುಸ್ತಕದಾಗ ನಿನ್ನ ಗುಡ್ಡ ಬಂತಲ್ಲೇ ಅಲ್ಮಾಸವ್ವಾ” ಎಂದು ನಕ್ಕಳು. ಆ ವಾರವೇ ಸುಶ್ಮಿತಾಳಿಗೆ ವರ್ಗವಾಯಿತು, ಬಹಳ ದೂರ, ಗಡಿಯ ಆ ತುದಿಗೆ. ಹೋಗುವ ಮುಂಚೆ ಬಂದು ಒಂದು ತಾಸು ಕೂತು ಚಹಾ ಕುಡಿದು ಹೋದಳು. ಮುಂದಿನದು ಏನೆಂದು ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಪಂಚಾಯತಿಯ ಹಲಗೆಗೆ ಒಂದು ನೋಟೀಸು ಅಂಟಿಸಿದರು. ಸದರಿ ಪ್ರದೇಶದಲ್ಲಿ ಹಕ್ಕು ಇರುವವರು ಎರಡು ತಿಂಗಳೊಳಗೆ ಲಿಖಿತವಾಗಿ ಮಂಡಿಸತಕ್ಕದ್ದು ಎಂದು ಅದರಲ್ಲಿತ್ತು. ಹೆಂಗಸರು ಅದನ್ನು ಓದಿಸಿ ಕೇಳಿದರು.

“ಹಕ್ಕಂದ್ರ ಹೊಲ ಇದ್ದವರಿಗಲ್ಲೇನ? ನಮ್ಮ ಹೆಸರಿಲೆ ಅಲ್ಲೇನೈತಿ?” ಎಂದಳು ಸಿದ್ದಲಿಂಗವ್ವ.

ಅಲ್ಮಾಸಬಿಗೂ ಹಾಗೇ ಅನ್ನಿಸಿತು. ಗುಡ್ಡ ಯಾರದೂ ಅಲ್ಲ, ಎಲ್ಲರದು. ಗಾಳಿಗೆ ಹಕ್ಕುಪತ್ರ ಬರೆದುಕೊಂಡವರುಂಟೆ? ಯಾರೂ ಅರ್ಜಿ ಕೊಡಲಿಲ್ಲ. ಎರಡು ತಿಂಗಳು ಕಳೆದವು. ನೋಟೀಸು ಮಳೆಗೆ ತೊಯ್ದು ಹರಿದು ಬಿತ್ತು.

ಆಮೇಲೆ ಗಡಿಕಲ್ಲು ನೆಡಲು ಬಂದರು. ಸಾಲುಗಲ್ಲು ಊರ ಹಿಂದಿನಿಂದ ಶುರುವಾಗಿ, ಸೀತಾಫಲದ ಇಳಿಜಾರನ್ನೂ ಹುಲ್ಲಿನ ಬಯಲನ್ನೂ ಒಳಗೆ ಹಾಕಿಕೊಂಡು, ತೆಂಕಣಕ್ಕೆ ತಿರುಗಿತು. ಅಲ್ಲಿ ಖಣಿಯ ಹತ್ತಿರ ಬಂದಾಗ ಗೆರೆ ಬೆರಳು ಮಡಿಚಿದ ಹಾಗೆ ಒಳಕ್ಕೆ ಬಾಗಿತು. ಖಣಿ ಹೊರಗುಳಿಯಿತು. ಅಲ್ಮಾಸಬಿ ಕಲ್ಲಿನಿಂದ ಕಲ್ಲಿಗೆ ನಡೆದು ನೋಡಿದಳು. ಕಣ್ಣಿನ ತಪ್ಪೋ ಎಂದು ತಿರುಗಿ ನಡೆದಳು. ತಪ್ಪಾಗಿರಲಿಲ್ಲ. ಅಳತೆಯವನನ್ನು ಕೇಳಿದ್ದಕ್ಕೆ, “ನಕಾಶೆದಾಗ ಹೆಂಗೈತಿ ಹಂಗ ನೆಡತೀವ್ರಿ” ಅಂದ. ಮರುವಾರ ಖಣಿಯ ಜೆಸಿಬಿಗಳು ಮತ್ತೆ ಓಡಾಡತೊಡಗಿದವು. ಈಗ ಅವುಗಳ ಮುಂದೆ ಕೂರಲು ನೆಲವಿರಲಿಲ್ಲ. ಅದು ಖಣಿಯವರದು, ಕಾಯ್ದೆಯೇ ಗೆರೆ ಎಳೆದು ಕೊಟ್ಟಿತ್ತು.

ಊರ ಕಡೆ ತಗ್ಗು ತೋಡಿದರು, ತಂತಿ ಎಳೆದರು, ಫಲಕ ನಿಲ್ಲಿಸಿದರು. ಕಾವಲಿಗೆ ಬಂದವನು ಪಕ್ಕದೂರಿನ ಮಲ್ಲು, ಮೂವತ್ತರ ಗಂಡಸು, ಎರಡು ಮಕ್ಕಳ ತಂದೆ. ಅಲ್ಮಾಸಬಿ ಅವನ ತಾಯಿಯ ಜೊತೆ ಕವಳಿ ಹರಿದವಳು. ಮೊದಲ ವರ್ಷ ಅವನು ಮುಖ ತಿರುಗಿಸಿ ನಿಂತು ಹೆಂಗಸರನ್ನು ಒಳಗೆ ಬಿಟ್ಟ. ಎರಡನೇ ವರ್ಷ ಮೇಲಿನಿಂದ ತಪಾಸಣೆಯವರು ಬಂದರು. ಅವತ್ತು ಉಳಿದವರು ಓಡಿದರು. ಅಲ್ಮಾಸಬಿ ಓಡಲಿಲ್ಲ, ಯಾಕೆ ಓಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಹೆಡಿಗೆಯನ್ನು ನೆಲಕ್ಕೆ ಸುರಿದು ಸೀತಾಫಲಗಳ ಪಂಚನಾಮೆ ಮಾಡಿದರು. ಮಲ್ಲು ಒಂದೊಂದೇ ಹಣ್ಣು ಎಣಿಸಿ ಬರೆಸಿದ.

ತಾಲೂಕು ಕೋರ್ಟಿನಲ್ಲಿ ಸರಕಾರಿ ವಕೀಲರು ಒಂದು ಹಳೆಯ ಕಾಗದ ತೆಗೆದು ಓದಿದರು. “ದಿನಾಲು ಸದರಿ ಗುಡ್ಡಕ್ಕೆ ಹೋಗಿ ಹಣ್ಣು ಹುಲ್ಲು ತರುತ್ತಿದ್ದು...” ಅದು ಅವಳದೇ ಹೇಳಿಕೆ, ಅವಳದೇ ರುಜು. ಈಕೆಗೆ ಇದು ರೂಢಿಯ ಕಸುಬು, ಸ್ವಾಮಿ, ಒಂದು ದಿನದ ತಪ್ಪಲ್ಲ ಎಂದರು ವಕೀಲರು. ಹೌದು, ಅದು ಅಲ್ಮಾಸಬಿಯ ಮಾತೇ. ಖರೆ ಮಾತೇ. ಮುಂದೆ ಗಡಿಕಲ್ಲು ದಾಟುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ಜಾಮೀನಿನ ಮೇಲೆ ಬಿಟ್ಟರು. ಕೇಸು ಹಾಗೇ ಉಳಿಯಿತು. ಬಸ್ಸಿನಲ್ಲಿ ಬರುವಾಗ ಖಾಸಿಂಸಾಬ ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು ಪಕ್ಕಕ್ಕೆ ಕೂತ. ನಾನು ಮೊದಲೇ ಹೇಳಿರಲಿಲ್ಲವೇ ಎಂದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೆಂಗಸರು ಒಬ್ಬೊಬ್ಬರೇ ಖಣಿಯ ಕ್ರಷರಿಗೆ ಕೆಲಸಕ್ಕೆ ಹೋಗತೊಡಗಿದರು. ಸಿದ್ದಲಿಂಗವ್ವನೂ ಹೋದಳು. ಹಿಟ್ಟಿನ ಪರಾತ ಹಿಡಿದು ಮೊದಲು ಎದ್ದು ಹೋದವಳು ಅವಳೇ ಎಂಬುದನ್ನು ಯಾರೂ ನೆನಪಿಸಲಿಲ್ಲ. ಅಲ್ಮಾಸಬಿ ಮನೆಯಲ್ಲಿ ಕೂತು ಗಾದಿಗೆ ಹೊಲಿಗೆ ಹಾಕುತ್ತಿದ್ದಳು. ಸಿಡಿತದ ಹೊತ್ತಿಗೆ ಸೂಜಿ ನಿಲ್ಲಿಸಿ, ಮುಗಿದ ಮೇಲೆ ಮತ್ತೆ ಚುಚ್ಚುತ್ತಿದ್ದಳು.

ಮರುವರ್ಷ ಹೊಸ ಸುದ್ದಿ ಬಂತು. ತೆಂಕಣ ಇಳಿಜಾರು, ಕಲ್ಲದೊಣೆ ಇರುವ ಭಾಗ, ವನ್ಯಧಾಮದಿಂದ ಕೈಬಿಡಬೇಕೆಂದು ಖಣಿಯ ಮಾಲೀಕ ಅರ್ಜಿ ಹಾಕಿದ್ದ. ಅಲ್ಲಿ ಪ್ರಾಣಿಗಳೇ ಇಲ್ಲ, ಸುಮ್ಮನೆ ಬಂಡೆ ಎಂಬುದು ಅವನ ವಾದ. ವಿಚಾರಣೆಗೆ ಸಮಿತಿ ಬರುವುದಿತ್ತು. ಹಳೆಯ ಪಟ್ಟಿಯಲ್ಲಿ ಹೆಸರಿದ್ದ ಸಾಕ್ಷಿಯೆಂದು ಅಲ್ಮಾಸಬಿಗೂ ನೋಟೀಸು ಬಂತು.

ಅವಳು ಮೂರು ದಿನ ಯೋಚಿಸಿದಳು. ಒಂದೂವರೆ ವರ್ಷದಿಂದ ಅವಳು ಆ ದೊಣೆಯ ಮುಖ ನೋಡಿರಲಿಲ್ಲ. ಇದೆ ಎಂದು ಯಾವ ಬಾಯಿಯಿಂದ ಹೇಳುವುದು? ನಾಲ್ಕನೇ ದಿನ ಹಾಡಹಗಲೇ, ತಂತಿ ಸಡಿಲಾದ ಕಡೆ ನುಸುಳಿ ಗುಡ್ಡ ಹತ್ತಿದಳು. ಹೆಡಿಗೆ ಒಯ್ಯಲಿಲ್ಲ, ಕುಡಗೋಲು ಒಯ್ಯಲಿಲ್ಲ. ದೊಣೆಯಲ್ಲಿ ಮೊಣಕಾಲುದ್ದ ನೀರಿತ್ತು, ಮೇಲೆ ಕಲ್ಲಿನ ಬೂದಿಯ ಕೆನೆ. ಕಂಟಿಯಲ್ಲಿ ಕೂತಳು. ಸಿಡಿತ ಎರಡು ಸಲ ಆಯಿತು. ಬಿಸಿಲು ವಾಲುವ ಹೊತ್ತಿಗೆ ತಾಯಿ ಕೊಂಡಕುರಿಯೊಂದು ಬಂತು. ಅದರ ಹಿಂದೆ ನಡೆಯಲು ಇನ್ನೂ ಸರಿಯಾಗಿ ಕಲಿಯದ ಒಂದು ಮರಿ. ತಾಯಿ ಬೂದಿಯ ಕೆನೆಯನ್ನು ಮೂತಿಯಿಂದ ಸರಿಸಿ ಸರಿಸಿ ಕುಡಿಯಿತು. “ಯಾ ಅಲ್ಲಾ, ಇನ್ನೂ ಅದಾವು” ಎಂದು ಅಲ್ಮಾಸಬಿ ಬಾಯಿಗೆ ಸೆರಗು ಒತ್ತಿಕೊಂಡಳು.

ಇಳಿದು ಬರುವಾಗ ಮಲ್ಲು ಎದುರಾದ. ಅವನೂ ದೊಣೆಯ ಕಡೆಯಿಂದಲೇ ಬರುತ್ತಿದ್ದ.

“ನೋಡಿದೇನ?” ಎಂದಳು.

“ನೋಡಿದೆ, ಚಿಗವ್ವಾ. ಮರಿ ಹಾಕೇತಿ.” ಆಮೇಲೆ ಅತ್ತಿತ್ತ ನೋಡಿ, “ನಾ ಮಾತ್ರ ನಿನ್ನ ನೋಡಿಲ್ಲ. ಜಲ್ದಿ ಹೋಗು” ಅಂದ.

ವಿಚಾರಣೆ ಪಂಚಾಯತಿ ಕಟ್ಟಡದಲ್ಲಿ ನಡೆಯಿತು. ಮೂವರು ಸಾಹೇಬರು ಮೇಜಿನ ಆಚೆ, ಮಾಲೀಕನ ವಕೀಲ ಪಕ್ಕದಲ್ಲಿ. ಬಾಗಿಲಲ್ಲಿ ಊರವರು. ಅಲ್ಮಾಸಬಿಯ ಹಿಂದೆ ಸಿದ್ದಲಿಂಗವ್ವ ಅರ್ಧ ದಿನದ ಕೆಲಸ ಬಿಟ್ಟು ಬಂದು ನಿಂತಿದ್ದಳು.

ನಡುವೆ ಕೂತಿದ್ದ ಸಾಹೇಬರು ಸಮಾಧಾನದವರು. “ನೋಡಿಯಮ್ಮ, ಹಳೇದು ಬೇಡ. ಈ ಒಂದು ವರ್ಷದೊಳಗೆ ದಕ್ಷಿಣದ ಇಳಿಜಾರಿನಲ್ಲಿ ಕೊಂಡಕುರಿ ನೋಡಿದ್ದೀರಾ?” ಎಂದು ಕೇಳಿದರು.

ಸಿದ್ದಲಿಂಗವ್ವ ಹಿಂದಿನಿಂದ ಅವಳ ಸೀರೆ ಜಗ್ಗಿದಳು. ಅಲ್ಮಾಸಬಿಗೆ ಅರ್ಥವಾಯಿತು. ನೋಡಿಲ್ಲ ಎಂದರೆ ದೊಣೆ ಹೋಯಿತು. ನೋಡಿದ್ದೇನೆ ಎಂದರೆ ಮುಚ್ಚಳಿಕೆ ಮುರಿದಂತಾಯಿತು.

“ನೋಡೀನ್ರಿ. ಹೋದ ತಿಂಗಳ ಕಡೀಕ. ತಾಯಿ ಒಂದು, ಮರಿ ಒಂದು. ಕಲ್ಲದೊಣಿಗೆ ನೀರಿಗೆ ಬಂದಿದ್ದವು.”

ವಕೀಲ ಎದ್ದು ನಿಂತ. “ಅಲ್ಲಿಗೆ ನೀವು ಹೋಗಿದ್ದಿರಾ?”

“ಹೋಗಿದ್ನ್ರಿ.”

“ಗಡಿಕಲ್ಲು ದಾಟೋದಿಲ್ಲ ಅಂತ ಕೋರ್ಟಿಗೆ ಬರೆದುಕೊಟ್ಟಿದ್ದೀರಿ. ಹೌದಾ?”

“ಹೌದ್ರಿ. ಆದ್ರ ಹೋಗದ ಹ್ಯಾಂಗ ನೋಡಲಿ? ನೀವು ನೋಡೀರೇನು ಅಂತ ಕೇಳ್ತೀರಿ, ನೋಡಾಕ ಬ್ಯಾಡ ಅಂತ ಬರಸ್ಕೊಂತೀರಿ.”

ಬಾಗಿಲಲ್ಲಿ ಯಾರೋ ನಕ್ಕರು. ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿ, “ನಿಮ್ಮ ಮಾತಿಗೆ ಇನ್ನೊಬ್ಬರು ಯಾರಾದರೂ ಇದ್ದಾರಾ? ಕಾವಲಿನವರು?” ಎಂದು ಕೇಳಿದರು.

ಮಲ್ಲುವನ್ನು ಕರೆದರು. ಅವನ ನೌಕರಿ ದಿನಗೂಲಿಯದು, ಇನ್ನೂ ಕಾಯಂ ಆಗಿರಲಿಲ್ಲ. ನೋಡಿದೆ ಎಂದರೆ ಅವಳು ಒಳಗೆ ಬಂದಾಗ ನೀನೇಕೆ ಹಿಡಿಯಲಿಲ್ಲ ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ಅವನು ಅಲ್ಮಾಸಬಿಯ ಕಡೆ ನೋಡದೆ, ಟೊಪ್ಪಿಗೆಯನ್ನು ಕೈಯಲ್ಲಿ ಹಿಂಡುತ್ತ ನಿಂತ.

“ಇಲ್ರಿ ಸಾಹೇಬ್ರ. ನಾ ಏನೂ ನೋಡಿಲ್ಲ.”

ಅಲ್ಮಾಸಬಿಗೆ ಅವನ ಮೇಲೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವನ ಸಣ್ಣ ಮಗಳಿಗೆ ಆ ವರ್ಷವಷ್ಟೇ ಶಾಲೆಗೆ ಹೆಸರು ಹಚ್ಚಿದ್ದರು.

ಎರಡು ತಿಂಗಳ ಮೇಲೆ ವರದಿ ಬಂತು. ಆರೋಪಿ ಮಹಿಳೆಯೊಬ್ಬರ ಹೇಳಿಕೆಯ ಹೊರತು ಸದರಿ ಭಾಗದಲ್ಲಿ ವನ್ಯಜೀವಿಗಳಿರುವುದಕ್ಕೆ ಯಾವುದೇ ಸಾಕ್ಷ್ಯವಿಲ್ಲ ಎಂದು ಅದರಲ್ಲಿ ಬರೆದಿತ್ತು. ಮುಚ್ಚಳಿಕೆ ಮುರಿದದ್ದಕ್ಕೆ ಅಲ್ಮಾಸಬಿಯ ಮೇಲೆ ಇನ್ನೊಂದು ಕೇಸಾಯಿತು. ಸುಶ್ಮಿತಾಳಿಗೆ ಫೋನು ಹಚ್ಚಿದರು. ಅವಳು ಎಲ್ಲ ಕೇಳಿ, “ನಾ ಮ್ಯಾಲೆ ಬರದು ನೋಡ್ತೀನ್ರವ್ವಾ” ಎಂದಳು. ಬರೆದಿರಬಹುದು. ಏನೂ ಆಗಲಿಲ್ಲ.

ತೆಂಕಣದ ಗಡಿಕಲ್ಲುಗಳನ್ನು ಕಿತ್ತು ನೂರು ಮಾರು ಮೇಲಕ್ಕೆ ನೆಟ್ಟರು. ಖಣಿಯ ಲಾರಿಗಳು ತಂದು ಸುರಿದ ಒಡಕು ಕಲ್ಲು ದೊಣೆಯನ್ನು ಮುಚ್ಚಿತು. ಅಲ್ಮಾಸಬಿ ಅದನ್ನು ನೋಡಲು ಹೋಗಲಿಲ್ಲ. ಸಿದ್ದಲಿಂಗವ್ವ ಹೇಳಿದಳು, ಹೇಳಿ ತಾನೇ ಅತ್ತಳು.

ಆ ಬೇಸಿಗೆಯ ಒಂದು ಮಧ್ಯಾಹ್ನ ಊರ ನಾಯಿಗಳು ಒಮ್ಮೆಲೇ ಬೊಗಳಿದವು. ದನದ ಬಾನಿಯ ಹತ್ತಿರ ನೀರಿಗೆಂದು ಬಂದ ಕೊಂಡಕುರಿಯನ್ನು ಏಳೆಂಟು ನಾಯಿ ಸುತ್ತುಗಟ್ಟಿದ್ದವು. ಅಲ್ಮಾಸಬಿ ಗಾದಿ ಹೊಲಿಯುತ್ತಿದ್ದವಳು ಮೂಲೆಯಲ್ಲಿದ್ದ ಗಂಡನ ಬಿಲ್ಲು ಎತ್ತಿಕೊಂಡು ಓಡಿದಳು. ನಾಯಿಗಳನ್ನು ಬಡಿದು ಅಟ್ಟುವಷ್ಟರಲ್ಲಿ ಅದರ ಹೊಟ್ಟೆ ಹರಿದಿತ್ತು. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೈಯಿಂದ ನೀರು ಬಿಟ್ಟಳು. ಅರ್ಧ ನೀರು ಹೊರಗೇ ಹರಿಯಿತು. ಮರಿ ಎಲ್ಲೂ ಕಾಣಲಿಲ್ಲ.

ಮಲ್ಲು ಸೈಕಲ್ಲು ತುಳಿದು ಬಂದ. ಕಾಯ್ದೆಯ ಪ್ರಾಣಿ, ಹೂಳುವ ಹಾಗಿಲ್ಲ, ಪಂಚನಾಮೆ ಮಾಡಿ ಸುಡಬೇಕು ಎಂದ. ಬರೆಯುತ್ತ ಬರೆಯುತ್ತ ತಲೆ ಎತ್ತದೆ ಹೇಳಿದ.

“ಚಿಗವ್ವಾ, ಈಗ ಸಾಕ್ಷಿ ಸಿಕ್ಕಂಗಾತು. ಫೋಟೊ ತಗದು ಮ್ಯಾಲೆ ಕಳಸ್ತೀನಿ. ಇಲ್ಲೆ ಪ್ರಾಣಿ ಇತ್ತು ಅಂತ ಒಪ್ಪಬೇಕಾಕ್ಕೈತಿ.”

“ಒಪ್ಪಲಿ” ಎಂದಳು ಅಲ್ಮಾಸಬಿ. “ಒಪ್ಪಿ ಏನ ಮಾಡ್ತಾರ?”

ಮಲ್ಲುವಿನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ಅವನ ಕಣ್ಣು ತುಂಬಿತ್ತು. ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು.

ಗಾಯರಾಣದ ಅಂಚಿನಲ್ಲಿ ಜಾಲಿ ಕಟ್ಟಿಗೆ ಒಟ್ಟಿ ಸುಟ್ಟರು. ನಾಲ್ಕೈದು ಜನ ನಿಂತು ನೋಡಿದರು. ಕ್ರಷರಿನ ಊಟದ ಬಿಡುವು ಮುಗಿದಾಗ ಹೆಂಗಸರು ಹೊರಟುಹೋದರು.

ಮಳೆಗಾಲ ಕಳೆದ ಮೇಲೆ ಖಾಸಿಂಸಾಬನ ಎದೆ ಕೆಟ್ಟಿತು. ಹತ್ತಿಯ ದೂಳು ಸೇರಬಾರದೆಂದು ಗದಗಿನ ಡಾಕ್ಟರು ಹೇಳಿದರು. ಬಿಲ್ಲನ್ನು ಗೋಡೆಗೆ ತೂಗುಹಾಕಿದರು. ಸೀತಾಫಲ ಬಿರಿಯುವ ಆ ವಾರದಲ್ಲೇ ಅಲ್ಮಾಸಬಿ ಮೂಗಿಗೆ ಅರಿವೆ ಕಟ್ಟಿಕೊಂಡು ಸಿದ್ದಲಿಂಗವ್ವನ ಜೊತೆ ಕ್ರಷರಿಗೆ ಹೊರಟಳು. ಮೊದಲ ದಿನ ಮೇಸ್ತ್ರಿ ಅವಳಿಗೆ ಬುಟ್ಟಿ ಕೊಟ್ಟು, ಎಲ್ಲಿಂದ ತುಂಬಬೇಕು, ಎಲ್ಲಿಗೆ ಸುರಿಯಬೇಕು ಎಂದು ಬೆರಳು ಮಾಡಿ ತೋರಿಸಿದ. ಅವಳು ತುಂಬಿದಳು, ಹೊತ್ತಳು, ಸುರಿದಳು. ಗುಡ್ಡದ ಕಡೆ ಬೆನ್ನು ಮಾಡಿ ನಿಂತರೆ ಕಣ್ಣಿಗೆ ದೂಳು ಕಡಿಮೆ ಎಂದು ಸಿದ್ದಲಿಂಗವ್ವ ಹೇಳಿಕೊಟ್ಟಳು.